ಕಾಡಿನ ನಡುವಿನ ಫಿಶಿಂಗ್ ಲಾಡ್ಜ್‌ನಲ್ಲಿ ಕೊಲೆ: ಥ್ರಿಲ್ಲರ್ ಕಾದಂಬರಿಗೆ ಸಲಹೆ ಬೇಕು

ಕಥೆಗಾರ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಒಂದು ಸಸ್ಪೆನ್ಸ್ ಥ್ರಿಲ್ಲರ್ ಬರೆಯುತ್ತಿದ್ದೇನೆ. ಅರ್ಧ ಆಗಿದೆ. ಅಲ್ಲಿಂದ ಮುಂದೆ ಕಥೆ ಓಡುತ್ತಿಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಕಥೆ ನಡೆಯುವುದು ಕೆನಡಾದ ಮ್ಯಾನಿಟೋಬಾದಲ್ಲಿ, ಉತ್ತರದ ಕಾಡಿನ ನಡುವೆ ಇರುವ ಒಂದು ಸರೋವರದ ದಡದಲ್ಲಿ. ಅಲ್ಲೊಂದು ಫಿಶಿಂಗ್ ಲಾಡ್ಜ್. ರಸ್ತೆ ಇಲ್ಲ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಒಂದೇ ದಾರಿ. ದುಡ್ಡಿದ್ದವರು ಬಂದು ವಾರ ಇದ್ದು, ಗಾಳ ಹಾಕಿ ದೊಡ್ಡ ಮೀನು ಹಿಡಿದು, ಫೋಟೋ ತೆಗೆಸಿಕೊಂಡು, ಮತ್ತೆ ಅದನ್ನು ನೀರಿಗೇ ಬಿಟ್ಟು ಹೋಗುತ್ತಾರೆ. ದೋಣಿ ತೊಳೆಯೋದು, ಪೆಟ್ರೋಲ್ ತುಂಬೋದು, ಇಂಜಿನ್ ನೋಡಿಕೊಳ್ಳೋದು ಈ ಕೆಲಸಕ್ಕೆ ನಮ್ಮ ಕಂಪ್ಲಿ ಕಡೆಯ ಹುಡುಗನೊಬ್ಬ ಸೇರಿದ್ದಾನೆ. ಓದೋಕೆ ಹೋದವನು, ರಜೆಯಲ್ಲಿ ಫೀಸಿಗೆ ದುಡ್ಡು ಬೇಕಲ್ವಾ. ಇಡೀ ಕಥೆ ಅವನ ಕಣ್ಣಲ್ಲೇ ನಡೆಯುತ್ತದೆ.

ಒಂದು ಬೆಳಗ್ಗೆ ಲಾಡ್ಜ್ ಮಾಲೀಕ ಕಾಣಿಸುವುದಿಲ್ಲ. ಅವನ ದೋಣಿ ನಡುನೀರಿನಲ್ಲಿ ಖಾಲಿ ತೇಲುತ್ತಿರುತ್ತದೆ. ಹೆಣ ಇಲ್ಲ. ಉಳಿದವರಲ್ಲಿ ಒಬ್ಬ ಕೊಲೆಗಾರ.

ಈಗ ನನ್ನ ತೊಡಕು. ಈ ಕಾಲದಲ್ಲಿ ಸ್ಯಾಟಲೈಟ್ ಫೋನ್ ಇರುವಾಗ ಹೊರಗಿನ ಸಂಪರ್ಕ ಕಡಿದುಹೋಯಿತು ಅಂದರೆ ಓದುಗರು ನಂಬುತ್ತಾರಾ? ಎರಡನೇದು, ಹೆಣ ಸಿಗದೇ ಕಥೆಯನ್ನು ಎಷ್ಟು ದೂರ ಎಳೆಯಬಹುದು? ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ನನ್ನ ಗೆಳೆಯನೊಬ್ಬ ಓದಿ, ನಮ್ಮ ಕಡೆ ಎರಡು ದೊಡ್ಡ ಹೊಳೆ ಹರಿಯುವಾಗ ಯಾರೂ ನೋಡದ ಆ ಹಿಮದ ಊರು ಯಾಕೆ, ಇಲ್ಲಿಗೇ ತಾ ಅಂತಿದ್ದಾನೆ. ತರಲಾ, ಬಿಡಲಾ? ಸುಮ್ನೆ ಚೆನ್ನಾಗಿದೆ ಅನ್ನಬೇಡಿ, ಬಿಡಿಸಿ ಹೇಳಿ.

ಡ್ಯಾಮ್ ಕಡೆಯವ, ಮುನಿರಾಬಾದ್

ತಮ್ಮಾ, ನಿನ್ನ ಗೆಳೆಯ ಹೇಳಿದ್ದು ಸರಿ. ಇಲ್ಲಿಗೇ ತಾ. ದಾರಿ ಬಂದ್ ಆಗೋಕೆ ಕೆನಡಾದವರೆಗೆ ಹೋಗಬೇಕಾಗಿಲ್ಲ.

ವಿರೂಪಾಪುರ ಗಡ್ಡೆ ನೆನಪಿದೆಯಲ್ಲ, ಹಂಪಿಯ ಎದುರು ದಡ, ನಮ್ಮ ಗಂಗಾವತಿ ತಾಲೂಕು. 2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮ್‌ನಿಂದ ನೀರು ಬಿಟ್ಟಾಗ ಅಲ್ಲಿನ ರೆಸಾರ್ಟ್‌ಗಳಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು, ಅದರಲ್ಲಿ ಫಾರಿನ್‌ನವರೂ ಇದ್ದರು. ಎನ್‌ಡಿಆರ್‌ಎಫ್ ದೋಣಿ ಬಂತು, ಹೆಲಿಕಾಪ್ಟರ್ ಬಂತು. ಆಚೆ ದಡದಲ್ಲಿ ವಿರೂಪಾಕ್ಷ ಗುಡಿಯ ಗೋಪುರ ಕಣ್ಣಿಗೆ ಕಾಣುತ್ತಿದೆ, ಆದರೆ ದಾಟೋಕೆ ಆಗಲ್ಲ. ಇದಕ್ಕಿಂತ ದೊಡ್ಡ ಸಸ್ಪೆನ್ಸ್ ಬೇಕಾ? ಮರುವರ್ಷ, 2020ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಆ ರೆಸಾರ್ಟ್‌ಗಳನ್ನೆಲ್ಲ ಕೆಡವಿದರು.

ಇನ್ನು 2024ರ ಆಗಸ್ಟ್ 10ರ ರಾತ್ರಿ. ಟಿಬಿ ಡ್ಯಾಮ್‌ನ 33 ಗೇಟ್‌ಗಳಲ್ಲಿ 19ನೇದರ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಭಾರ ಇಳಿಸೋಕೆ ಉಳಿದ ಗೇಟ್‌ಗಳನ್ನೂ ಎತ್ತಬೇಕಾಯಿತು. ಒಂದು ವಾರ ನಾವ್ಯಾರೂ ಸರಿಯಾಗಿ ಮಲಗಲಿಲ್ಲ. ನೀರಿನ ಆ ಸದ್ದು ಮನೆಯೊಳಗೆ ಕೂತರೂ ಎದೆಗೆ ಬಡಿಯುತ್ತಿತ್ತು. ಗೇಟ್ ಹೋದ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆ, ಇಳಿಸುವವರೆಗೆ ಕೆಳಗಿನ ಊರಿನವರಿಗೂ ಅದೇ ಚಿಂತೆ, ಮೇಲೆ ನಿಂತವರಿಗೂ ಅದೇ ಚಿಂತೆ.

ಈಗ ಕಥೆಗೆ ಬಾ. ಹೊಳೆಗೆ ನೀರು ಬಿಡೋ ಮೊದಲು ದಡದ ಊರುಗಳಿಗೆ ತಿಳಿಸುತ್ತಾರೆ. ಡಂಗುರ ಹೊಡೆಸುತ್ತಾರೆ, ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸುತ್ತಾರೆ, ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ನಿನ್ನ ರೆಸಾರ್ಟ್‌ನಲ್ಲಿ ಗಾಳ ಹಿಡಿದು ಬಂಡೆ ಮೇಲೆ ಕೂತ ಗೆಸ್ಟ್‌ಗೆ ಅದು ಗೊತ್ತಿಲ್ಲ. ಗೊತ್ತಿದ್ದವನೊಬ್ಬ ಇದ್ದಾನೆ. ಅವನು ಹೇಳಲಿಲ್ಲ. ಅಷ್ಟೇ ಕೊಲೆ. ಕೈ ಹಚ್ಚಲಿಲ್ಲ, ಆಯುಧ ಇಲ್ಲ, ಸಾಕ್ಷಿ ಇಲ್ಲ. ಹೊತ್ತು ಮೂಡುವಷ್ಟರಲ್ಲಿ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ರಸ್ತೆ ಬಂದ್. ಪೊಲೀಸರು ಆ ಕಡೆ, ಹೆಣ ಈ ಕಡೆ.

ಬಳ್ಳಾರಿ ಹುಡುಗ, ವಿನ್ನಿಪೆಗ್

ಅಣ್ಣ, ಮುನಿರಾಬಾದ್ ಅಣ್ಣನ ಐಡಿಯಾ ಬಹಳ ಚೆನ್ನಾಗಿದೆ. ಆದರೆ ಅದು ಬೇರೆ ಕಾದಂಬರಿ. ನಿಮ್ಮದನ್ನು ಕೆನಡಾದಲ್ಲೇ ಬಿಡಿ ಅಂತ ನನ್ನ ಅಭಿಪ್ರಾಯ. ನಾನು ಹುಟ್ಟಿದ್ದು ಬಳ್ಳಾರಿ ಕೌಲ್ ಬಜಾರ್, ಈಗ ಇರೋದು ವಿನ್ನಿಪೆಗ್, ಉತ್ತರದ ಲಾಡ್ಜೊಂದರಲ್ಲಿ ಅಡುಗೆ ಮನೆಯಲ್ಲಿ ಕೆಲಸ ಮಾಡಿದ್ದೇನೆ. ನೋಡಿದ್ದನ್ನು ಹೇಳುತ್ತೇನೆ.

ಫೋನ್ ವಿಷಯ ತಲೆ ಕೆಡಿಸಿಕೊಳ್ಳಬೇಡಿ. ಫೋನ್ ಕೆಡಿಸಲೇಬೇಡಿ. ಫೋನ್ ಇರಲಿ, ಮಾತಾಡಲಿ, ಪೊಲೀಸರಿಗೂ ಹೇಳಲಿ. ಆದರೂ ಯಾರೂ ಬರೋಕೆ ಆಗಲ್ಲ, ಅದೇ ಅಲ್ಲಿನ ಭಯ. ಆ ಪುಟ್ಟ ವಿಮಾನಗಳು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮಾತ್ರ ಹಾರುತ್ತವೆ. ಮಂಜು ಕವಿದರೆ, ಮೋಡ ಕೆಳಗಿಳಿದರೆ, ಗಾಳಿ ಎದ್ದು ಅಲೆ ಜಾಸ್ತಿ ಆದರೆ ಪೈಲಟ್ ಬರಲ್ಲ. ಎರಡು ಮೂರು ದಿನ ಹಾಗೇ ಕೂತಿರಬೇಕು. ಚೀಲ ಕಟ್ಟಿಕೊಂಡು ಕಟ್ಟೆ ಮೇಲೆ ಕೂತವರ ಮುಖ ನೋಡಬೇಕು ನೀವು, ಪ್ರತಿ ಸಣ್ಣ ಸದ್ದಿಗೂ ಆಕಾಶ ನೋಡುತ್ತಿರುತ್ತಾರೆ. ಫೋನಿನಲ್ಲಿ ಧ್ವನಿ ಕೇಳಿಸುತ್ತಿದೆ, ಮನುಷ್ಯ ಮಾತ್ರ ಬರುತ್ತಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ನಿಮ್ಮ ಕಥೆಯಲ್ಲಿ ಗೆಸ್ಟ್‌ಗಳು ಯಾಕೆ ಬೇಕು? ಸೆಪ್ಟೆಂಬರ್ ಹೊತ್ತಿಗೆ ಸೀಸನ್ ಮುಗಿಯುತ್ತದೆ, ಗೆಸ್ಟ್‌ಗಳು ಹೋಗುತ್ತಾರೆ. ಆಮೇಲೆ ಲಾಡ್ಜ್ ಮುಚ್ಚೋಕೆ ನಾಲ್ಕೈದು ಜನ ಕೆಲಸದವರು ಉಳಿಯುತ್ತಾರೆ. ಪೈಪಿನ ನೀರು ಖಾಲಿ ಮಾಡಬೇಕು, ಇಲ್ಲಾಂದ್ರೆ ಹೆಪ್ಪುಗಟ್ಟಿ ಒಡೆಯುತ್ತದೆ. ದೋಣಿ ದಡಕ್ಕೆ ಎಳೆದು ಬೋರಲು ಹಾಕಬೇಕು. ಕರಡಿ ಒಡೆಯಬಾರದು ಅಂತ ಕಿಟಕಿಗಳಿಗೆ ಹಲಗೆ ಹೊಡೆಯಬೇಕು. ಏನೋ ಕಾರಣಕ್ಕೆ ಇವರ ಕೊನೆಯ ವಿಮಾನ ತಡವಾಯಿತು ಅನ್ನಿ. ಅಕ್ಟೋಬರ್‌ನಲ್ಲಿ ಸರೋವರದ ಅಂಚಿಗೆ ಮಂಜುಗಡ್ಡೆ ಕಟ್ಟೋಕೆ ಶುರು. ಫ್ಲೋಟ್, ಅಂದರೆ ನೀರಿನ ಮೇಲೆ ತೇಲೋ ಕಾಲು ಇರೋ ವಿಮಾನ ಆ ಮಂಜುಗಡ್ಡೆ ಮೇಲೆ ಇಳಿಯೋಕೆ ಆಗಲ್ಲ. ಚಕ್ರದ ಬದಲು ಸ್ಕೀ, ಅಂದರೆ ಜಾರುಪಟ್ಟಿ ಹಾಕಿದ ವಿಮಾನ ಇಳಿಯೋಕೆ ಗಡ್ಡೆ ಇನ್ನೂ ದಪ್ಪ ಆಗಿರಲ್ಲ. ಆ ನಡುವಿನ ವಾರಗಳಲ್ಲಿ ನೀರೂ ದಾರಿ ಅಲ್ಲ, ನೆಲವೂ ದಾರಿ ಅಲ್ಲ. ಹೆಲಿಕಾಪ್ಟರ್ ಬರಬಹುದು, ಅದಕ್ಕೂ ಹವಾಮಾನ ಬೇಕು.

ಹೆಣದ ವಿಷಯ. ಆ ನೀರು ಎಷ್ಟು ತಣ್ಣಗಿರುತ್ತದೆ ಅಂದರೆ ಹೆಣ ಮೇಲೆ ಬರೋದೇ ಅಪರೂಪ. ನಮ್ಮ ಕಡೆ ಒಳಗೆ ಗಾಳಿ ತುಂಬಿ ತೇಲುತ್ತದೆ. ಅಲ್ಲಿ ಆಳದ ತಂಪಿಗೆ ಹೆಣ ಕೊಳೆಯೋದು ಬಹಳ ನಿಧಾನ, ಗಾಳಿ ತುಂಬಲ್ಲ, ತಳದಲ್ಲೇ ಇದ್ದುಬಿಡುತ್ತದೆ. ಹಾಗಾಗಿ ಹೆಣ ಸಿಗದೇ ಇರೋದನ್ನ ನೀವು ಎಳೆಯೋ ಅಗತ್ಯವೇ ಇಲ್ಲ, ಅಲ್ಲಿ ಅದೇ ಸಹಜ.

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿಗೆ ಬಿದ್ದವರ ಬಗ್ಗೆಯೇ ಸಂಶೋಧನೆ ಮಾಡಿದವರು. ಅವರ ಲೆಕ್ಕ 1-10-1. ಮೊದಲ 1 ನಿಮಿಷ ಉಸಿರು ಕೈಗೆ ಸಿಗಲ್ಲ, ಏದುಸಿರು. ಆಮೇಲೆ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಎಚ್ಚರ ತಪ್ಪೋಕೆ ಸುಮಾರು 1 ಗಂಟೆ. ಬಿದ್ದ ತಕ್ಷಣ ಚಳಿಗೆ ಸತ್ತ ಅಂತ ಬರೆಯಬೇಡಿ. ಲೈಫ್ ಜಾಕೆಟ್ ಹಾಕಿದ್ದವನು ಆ ಒಂದು ಗಂಟೆ ಕೂಗಿರುತ್ತಾನೆ. ಕ್ಯಾಬಿನ್‌ನಲ್ಲಿದ್ದ ಯಾರಿಗೆ ಕೇಳಿಸಿತು, ಯಾರು ಎದ್ದು ಬರಲಿಲ್ಲ?

ಇನ್ನೊಂದು ಸುಳಿವು ಕೊಡುತ್ತೇನೆ, ಬೇಕಾದರೆ ತಗೊಳ್ಳಿ. ಮ್ಯಾನಿಟೋಬಾದಲ್ಲಿ ಗಾಳಕ್ಕೆ ಹಿಮ್ಮುಳ್ಳು, ಅಂದರೆ ಮೀನು ಜಾರಿಹೋಗದಂತೆ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳು, ಇರಬಾರದು ಅಂತ ಕಾನೂನು ಇದೆ, ಮೀನಿಗೆ ಗಾಯ ಆಗದೇ ಬಿಡಿಸಬೇಕಲ್ವಾ. ಗೈಡ್‌ಗಳು ಇಕ್ಕಳದಿಂದ ಆ ಮುಳ್ಳನ್ನ ಒತ್ತಿಬಿಡುತ್ತಾರೆ. ಖಾಲಿ ದೋಣಿಯಲ್ಲಿ ಹಿಮ್ಮುಳ್ಳು ಇರೋ ಗಾಳ ಸಿಕ್ಕರೆ ಅದು ಲಾಡ್ಜಿನದ್ದಲ್ಲ. ಮಾಲೀಕ ಆ ರಾತ್ರಿ ಮೀನಿಗೆ ಹೋಗಿದ್ದ ಅಂತ ತೋರಿಸೋಕೆ ಯಾರೋ ತಮ್ಮ ಪೆಟ್ಟಿಗೆಯಿಂದ ತಂದಿಟ್ಟದ್ದು.

ಗಂಗಮ್ಮನ ಮಗಳು, ಕಂಪ್ಲಿ

ಅಣ್ಣಾ, ನಿಮ್ಮ ಹುಡುಗ ಕಂಪ್ಲಿಯವನು ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯವರು ತಲೆತಲಾಂತರದಿಂದ ಹೊಳೆ ಮೀನು ಹಿಡಿಯುವವರು. ಹುಡುಗ ಬರೀ ಹೆಸರಿಗೆ ಕಂಪ್ಲಿಯವನಾಗಿ, ನೋಡೋದೆಲ್ಲ ಸಿನಿಮಾ ಪೊಲೀಸಿನಂಗೆ ನೋಡಿದರೆ ನನಗೆ ಬೇಜಾರಾಗುತ್ತದೆ. ಅವನ ಹತ್ತಿರ ಇರೋದು ಹೊಳೆ ಕಣ್ಣು. ಅದನ್ನ ಉಪಯೋಗಿಸಿ.

ನಮ್ಮ ಅಪ್ಪ ಬೆಳಿಗ್ಗೆ ದಡಕ್ಕೆ ಬಂದವರೇ ಮೊದಲು ಹರಿಗೋಲು ನೋಡುತ್ತಾರೆ, ಆಮೇಲೆ ನೀರು. ಹರಿಗೋಲನ್ನ ರಾತ್ರಿ ಬೋರಲು ಹಾಕಿ ಹೋಗಬೇಕು. ಹೊರಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿದಿರುತ್ತೇವೆ, ಬೋರಲು ಹಾಕಿದರೆ ಒಳಗಿನ ಬಿದಿರು ಒಣಗುತ್ತದೆ, ಕೊಳೆಯಲ್ಲ. ಮೀನುಗಾರ ಎಷ್ಟೇ ಸುಸ್ತಾಗಿರಲಿ, ಕುಡಿದಿರಲಿ, ಇದನ್ನ ಬಿಡಲ್ಲ. ಬೆಳಿಗ್ಗೆ ಯಾವುದಾದರೂ ಹರಿಗೋಲು ನೆಟ್ಟಗೆ ಕೂತಿದ್ದರೆ ಅಪ್ಪ ತಕ್ಷಣ ಹೇಳುತ್ತಿದ್ದರು, ಇದನ್ನ ನಮ್ಮವರಲ್ಲದವರು ತಗೊಂಡು ಹೋಗಿದ್ದಾರೆ ಅಂತ. ಹಗ್ಗದ ಗಂಟು ನೋಡಿಯೂ ಹೇಳುತ್ತಿದ್ದರು. ಪ್ರತಿ ಮನೆಯವರು ಕಟ್ಟೋ ರೀತಿ ಬೇರೆ. ಇದು ಚಿಕ್ಕಪ್ಪನ ಗಂಟು, ಇದು ಕೆಳಗಿನ ಓಣಿಯವರದ್ದು ಅಂತ ಕತ್ತಲಲ್ಲಿ ಕೈಯಾಡಿಸಿ ಹೇಳುತ್ತಿದ್ದರು.

ಆ ಕೆನಡಾ ಲಾಡ್ಜಿನಲ್ಲೂ ಸಂಜೆ ದೋಣಿಗಳನ್ನ ಕಟ್ಟೋದು ನಿಮ್ಮ ಹುಡುಗನೇ ಅಲ್ವಾ? ಹಂಗಾದರೆ ಎಲ್ಲ ಗಂಟೂ ಅವನವು. ಮಾಲೀಕ ಕಾಣೆಯಾದ ಬೆಳಿಗ್ಗೆ, ಎಲ್ಲರೂ ನಡುನೀರಿನ ಖಾಲಿ ದೋಣಿ ನೋಡುತ್ತಾ ನಿಂತಿರುವಾಗ, ಇವನು ದಡದಲ್ಲೇ ಕಟ್ಟಿದ್ದ ಇನ್ನೊಂದು ದೋಣಿಯ ಗಂಟು ನೋಡಲಿ. ಅದು ಇವನು ಕಟ್ಟಿದ್ದಲ್ಲ. ಅಂದರೆ ರಾತ್ರಿ ಎರಡು ದೋಣಿ ಹೋಗಿವೆ, ಒಂದು ವಾಪಸ್ ಬಂದಿದೆ. ಇದನ್ನ ಅವನು ಯಾರಿಗೂ ಹೇಳೋಕೆ ಆಗಲ್ಲ, ಯಾಕಂದ್ರೆ ಯಾರ ಕೈ ಅಂತ ಗೊತ್ತಿಲ್ಲ. ಆಮೇಲಿನ ದಿನಗಳಲ್ಲಿ ಅವನು ಸುಮ್ನೆ ಎಲ್ಲರ ಕೈ ನೋಡಲಿ. ಶೂ ಲೇಸ್ ಹೆಂಗೆ ಕಟ್ಟುತ್ತಾರೆ, ಕಸದ ಚೀಲದ ಬಾಯಿ ಹೆಂಗೆ ಬಿಗಿಯುತ್ತಾರೆ. ನನಗಂತೂ ಇದನ್ನ ಓದಿದರೆ ಮೈ ಜುಂ ಅನ್ನುತ್ತದೆ.

ಮುನಿರಾಬಾದ್ ಮಾವಾ, ನಿಮಗೊಂದು ಮಾತು. ಡ್ಯಾಮಿನ ಕೆಳಗೆ ಮುದ್ಲಾಪುರದಿಂದ ನಮ್ಮ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಗಾಳದ ರೆಸಾರ್ಟ್ ಅಂತ ಬರೆದರೆ ಅದು ಕದ್ದುಮುಚ್ಚಿ ನಡೆಸೋ ಜಾಗವೇ ಆಗಬೇಕು. ಹಂಗೆ ಬರೆದರೆ ಅದೂ ಒಳ್ಳೆ ಕಥೆ. ಸತ್ತವನ ಬಗ್ಗೆ ಪೊಲೀಸರಿಗೆ ಹೇಳೋಕೆ ಅಲ್ಲಿ ಯಾರಿಗೂ ಧೈರ್ಯ ಇರಲ್ಲ. ನೀರುನಾಯಿಗಳನ್ನ ಮರೆಯದೇ ಹಾಕಿ. ಬಲೆ ಹರಿದು ಮೀನು ತಿಂದು ಹೋಗುತ್ತವೆ, ಆದರೂ ಅವು ಇಲ್ಲದ ಹೊಳೆ ನನಗೆ ಬೇಡ.

ಡ್ಯಾಮ್ ಕಡೆಯವ, ಮುನಿರಾಬಾದ್

ನಿಜ ಮಗಳೇ. ಕದ್ದು ನಡೆಸೋ ರೆಸಾರ್ಟ್, ಮೇಲಿಂದ ನೀರು ಬರುತ್ತಿದೆ, ಒಳಗೆ ಹೆಣ. ನಾನೇ ಬರೆಯಬೇಕು ಅನ್ನಿಸುತ್ತಿದೆ. ಕಥೆಗಾರ ತಮ್ಮ ಬಿಟ್ಟುಕೊಟ್ಟರೆ ಇದನ್ನ ನಾನು ತಗೊಳ್ಳುತ್ತೇನೆ. ಗಂಟಿನ ವಿಷಯ ಮಾತ್ರ ಅವನೇ ಇಟ್ಟುಕೊಳ್ಳಲಿ, ಅದು ಆ ಹುಡುಗನಿಗೇ ಸೇರಿದ್ದು.

ನಿವೃತ್ತ ಖಾಕಿ, ರಾಯಚೂರು

ಇಲಾಖೆಯಲ್ಲಿದ್ದವನು. ಕೃಷ್ಣಾ ದಂಡೆಯ ಠಾಣೆಯಲ್ಲಿದ್ದಾಗ ನೀರಿನಲ್ಲಿ ಸಿಕ್ಕ ಹೆಣಗಳ ಪಂಚನಾಮೆ ಬಹಳ ಮಾಡಿದ್ದೇನೆ. ನಾರಾಯಣಪುರ ಡ್ಯಾಮ್‌ನಿಂದ ನೀರು ಬಿಟ್ಟರೆ ಲಿಂಗಸುಗೂರು ಕಡೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯ ಜನಕ್ಕೆ ದಾರಿ ಇರಲ್ಲ. ಹೀಗಾಗಿ ಬರೋಕಾಗದ ಪೊಲೀಸಿನ ಕಷ್ಟ ನನಗೆ ಗೊತ್ತು. ಕಥೆಯಲ್ಲಿ ಪೊಲೀಸರನ್ನು ದಡ್ಡರನ್ನಾಗಿ ಮಾಡಬೇಡಿ. ಬರೋಕೆ ಆಗದಿದ್ದಾಗ ಅವರು ಫೋನಿನಲ್ಲೇ ಹೇಳುತ್ತಾರೆ: ಯಾವುದನ್ನೂ ಮುಟ್ಟಬೇಡಿ, ಎಲ್ಲದರ ಫೋಟೋ ತೆಗೆಯಿರಿ, ದೋಣಿಗೆ ಬೀಗ ಹಾಕಿ. ಫೋನ್ ಹಿಡಿದು ಆ ಮಾತು ಕೇಳಿಸಿಕೊಳ್ಳುವವನೇ ಕೊಲೆಗಾರ ಆಗಿದ್ದರೆ?

ನಮ್ಮ ಹೊಳೆಯಲ್ಲಿ ಬೇಸಿಗೆಯಾದರೆ ಒಂದೆರಡು ದಿನಕ್ಕೆ ಹೆಣ ತೇಲುತ್ತದೆ. ತೇಲಿದ ಮೇಲೆ ಮುಖ್ಯ ಪ್ರಶ್ನೆ, ಮುಳುಗಿ ಸತ್ತನೋ, ಸತ್ತ ಮೇಲೆ ಎಸೆದರೋ. ಅದಕ್ಕೆ ಡಯಾಟಂ ಪರೀಕ್ಷೆ ಇದೆ. ಡಯಾಟಂ ಅಂದರೆ ಕಣ್ಣಿಗೆ ಕಾಣದ ಪಾಚಿ, ಅದಕ್ಕೆ ಗಟ್ಟಿ ಚಿಪ್ಪು ಇರುತ್ತದೆ. ಜೀವ ಇದ್ದಾಗ ನೀರು ಕುಡಿದರೆ ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆವರೆಗೆ ಹೋಗುತ್ತದೆ. ಸತ್ತವನಲ್ಲಿ ರಕ್ತ ಓಡಲ್ಲ, ಅಷ್ಟು ಒಳಗೆ ಹೋಗಲ್ಲ. ಹೆಣದ ಜೊತೆ ಆ ಜಾಗದ ನೀರನ್ನೂ ಬಾಟಲಿಯಲ್ಲಿ ಲ್ಯಾಬಿಗೆ ಕಳಿಸಬೇಕು, ಎರಡರಲ್ಲೂ ಒಂದೇ ಜಾತಿ ಇದೆಯಾ ಅಂತ ನೋಡುತ್ತಾರೆ. ಇದೊಂದರ ಮೇಲೇ ತೀರ್ಮಾನ ಮಾಡಲ್ಲ, ಉಳಿದ ಸಾಕ್ಷಿಗೆ ಬಲ ಕೊಡುತ್ತದೆ ಅಷ್ಟೇ. ಮುನಿರಾಬಾದ್‌ನವರೇ, ಇದು ನಿಮ್ಮ ಕಥೆಗೆ ಆಗುತ್ತದೆ. ನಿಮ್ಮಲ್ಲಿ ಹೊಳೆಯ ಈ ದಡ ಒಂದು ಜಿಲ್ಲೆ, ಆ ದಡ ಇನ್ನೊಂದು ಜಿಲ್ಲೆ. ಯಾವ ಠಾಣೆ ಅಂತ ಜಗಳ ಬಂದರೆ ಜೀರೋ ಎಫ್‌ಐಆರ್, ಅಂದರೆ ಸರಹದ್ದು ನೋಡದೆ ಯಾವ ಠಾಣೆಯಲ್ಲಾದರೂ ದೂರು ದಾಖಲು, ಹಾಕಬಹುದು, 2024ರ ಜುಲೈನಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅದನ್ನು ಬರೆದೇ ಇಟ್ಟಿದ್ದಾರೆ.

ಸಿಂಧನೂರಿನವರೇ, ನಿಮಗೆ ಬೇರೆ ಮಾತು. ಹೆಣ ಸಿಗದಿದ್ದರೂ ಕೊಲೆ ಕೇಸು ನಿಲ್ಲುತ್ತದೆ, ಉಳಿದ ಸಾಂದರ್ಭಿಕ ಸಾಕ್ಷಿ ಗಟ್ಟಿ ಇರಬೇಕು ಅಷ್ಟೇ. ಆದರೆ ಮೊದಲು ಇದನ್ನು ಕೇಳಿಕೊಳ್ಳಿ: ಹೆಣ ಸಿಗದಿದ್ದರೆ ಯಾರಿಗೆ ಲಾಭ? ನಮ್ಮಲ್ಲಿ ಸಾವಿಗೆ ಬೇರೆ ಪುರಾವೆ ಇಲ್ಲದಿದ್ದರೆ, 7 ವರ್ಷ ಸುದ್ದಿ ಇಲ್ಲದ ಮೇಲೆ ಮಾತ್ರ ಸತ್ತಂತೆ ಲೆಕ್ಕ. ಅಲ್ಲಿಯವರೆಗೆ ಆಸ್ತಿಯೂ ಕೈಗೆ ಬರಲ್ಲ, ವಿಮೆಯೂ ಬರಲ್ಲ. ಹಾಗಾಗಿ ಆಸ್ತಿಗೆ ಕೊಲ್ಲುವವನು ಹೆಣ ಸಿಗಲಿ ಅಂತಲೇ ನೋಡುತ್ತಾನೆ, ದಡದ ಹತ್ತಿರ ಬಿಡುತ್ತಾನೆ. ಆಳಕ್ಕೆ ಹಾಕುವವನಿಗೆ ಭಯ ಇರೋದು ಹೆಣದ ಮೇಲಿನ ಗುರುತಿನದ್ದು. ಓದುಗರು ಮಗನನ್ನೋ ಪಾಲುದಾರನನ್ನೋ ಅನುಮಾನಿಸುತ್ತಿರಲಿ. ನಿಮ್ಮ ಹುಡುಗನಿಗೆ ಮಾತ್ರ ಹೊಳೆಯಲಿ, ಆಸ್ತಿಗಾಗಿ ಆಗಿದ್ದರೆ ಇಷ್ಟು ಆಳಕ್ಕೆ ಯಾಕೆ ಹಾಕುತ್ತಿದ್ದರು ಅಂತ.

ದೋಣಿಯ ಇಂಜಿನ್ ಬಗ್ಗೆ ವಿನ್ನಿಪೆಗ್‌ನವರು ಹೇಳಲಿ. ನಡುನೀರಿನಲ್ಲಿ ಖಾಲಿ ದೋಣಿ ಸಿಕ್ಕರೆ ನಾನು ಮೊದಲು ನೋಡೋದು ಅದನ್ನೇ.

ಬಳ್ಳಾರಿ ಹುಡುಗ, ವಿನ್ನಿಪೆಗ್

ಸರ್, ಒಳ್ಳೆ ಪ್ರಶ್ನೆ. ಇಂಜಿನ್‌ನಲ್ಲಿ ಒಂದು ಕೆಂಪು ಸುರುಳಿ ವೈರ್ ಇರುತ್ತದೆ, ಕಿಲ್ ಸ್ವಿಚ್‌ನದ್ದು. ಒಂದು ತುದಿ ಇಂಜಿನ್‌ಗೆ, ಇನ್ನೊಂದು ಓಡಿಸುವವನ ಜಾಕೆಟ್‌ಗೆ ಸಿಕ್ಕಿಸಬೇಕು. ಅವನು ನೀರಿಗೆ ಬಿದ್ದರೆ ಅದು ಕಿತ್ತುಬಂದು ಇಂಜಿನ್ ನಿಲ್ಲುತ್ತದೆ. ಹಾಗೆ ನಿಂತ ಇಂಜಿನ್‌ನ ಗೇರ್ ಮುಂದಕ್ಕೇ ಬಿದ್ದಿರುತ್ತದೆ, ವೈರ್ ಅವನ ಜೊತೆ ಹೋಗಿರುತ್ತದೆ. ಕಥೆಯ ದೋಣಿಯಲ್ಲಿ ವೈರ್ ಜಾಗದಲ್ಲೇ ಇದೆ, ಗೇರ್ ನ್ಯೂಟ್ರಲ್‌ನಲ್ಲಿದೆ ಅಂದರೆ ಓಡುವಾಗ ಬಿದ್ದದ್ದಲ್ಲ. ಯಾರೋ ಸಮಾಧಾನವಾಗಿ ನಿಲ್ಲಿಸಿದ್ದಾರೆ.

ಕಥೆಗಾರ, ಸಿಂಧನೂರು

ಎಲ್ಲರ ಕಾಲಿಗೂ ಬೀಳಬೇಕು ಅನ್ನಿಸುತ್ತಿದೆ. ನಿರ್ಧಾರ ಮಾಡಿದ್ದೇನೆ. ಕಥೆ ಮ್ಯಾನಿಟೋಬಾದಲ್ಲೇ ಇರುತ್ತದೆ. ಗೆಸ್ಟ್‌ಗಳನ್ನು ತೆಗೆದು ಲಾಡ್ಜ್ ಮುಚ್ಚುವ ಐದು ಜನರನ್ನು ಇಡುತ್ತೇನೆ, ಅಕ್ಟೋಬರ್. ಫೋನ್ ಕೊನೆಯವರೆಗೆ ಕೆಲಸ ಮಾಡುತ್ತದೆ. ಫೋನ್ ಹಿಡಿಯೋದು ಮ್ಯಾನೇಜರ್, ಕೊನೆಯ ವಿಮಾನದ ದಿನ ಮುಂದಕ್ಕೆ ಹಾಕಿಸಿದ್ದೂ ಅವನೇ, ಮುನಿರಾಬಾದ್ ಅಣ್ಣನ ಡಂಗುರದ ಐಡಿಯಾದಿಂದ ಇದು ಹೊಳೆಯಿತು. ಮಂಜುಗಡ್ಡೆ ಯಾವಾಗ ಕಟ್ಟುತ್ತದೆ ಅಂತ ಅಲ್ಲಿ ಗೊತ್ತಿರೋದು ಅವನಿಗೆ ಮತ್ತು ಮಾಲೀಕನಿಗೆ ಮಾತ್ರ. ಅಣ್ಣ, ಹೊಳೆಯ ಕಥೆ ಖಂಡಿತ ನೀವೇ ಬರೆಯಿರಿ, ಓದೋಕೆ ನಾನು ಮೊದಲಿಗ.

ಕಂಪ್ಲಿ ಅಕ್ಕಾ, ಗಂಟಿನ ಅಧ್ಯಾಯ ಬರೆದ ಮೇಲೆ ನಿಮ್ಮ ಅಪ್ಪನಿಗೆ ಓದಿ ಹೇಳುತ್ತೀರಾ? ಅವರು ಒಪ್ಪಿದರೆ ಮಾತ್ರ ಇಡುತ್ತೇನೆ.

ವಿನ್ನಿಪೆಗ್ ತಮ್ಮ, ಕೊನೆಯ ಒಂದು ಪ್ರಶ್ನೆ. ಕೊನೆಗೆ ವಿಮಾನ ಬಂದಾಗ ಕೊಲೆಗಾರನ ಬಗ್ಗೆ ಪೈಲಟ್‌ಗೆ ಒಂದು ಅನುಮಾನ ಬರಬೇಕು, ಮಾತಿಲ್ಲದೆ. ಏನಾದರೂ ದಾರಿ ಇದೆಯಾ?

ಬಳ್ಳಾರಿ ಹುಡುಗ, ವಿನ್ನಿಪೆಗ್

ಇದೆ ಅಣ್ಣ. ತೂಕ. ಆ ವಿಮಾನಗಳಿಗೆ ಭಾರದ ಮಿತಿ ಬಿಗಿ. ಚೀಲಗಳನ್ನ ತೂಗುತ್ತಾರೆ, ಎಷ್ಟೋ ಕಡೆ ಮನುಷ್ಯರನ್ನೂ ತೂಗಿ ಬರೆದುಕೊಳ್ಳುತ್ತಾರೆ. ಬರುವಾಗ ಮ್ಯಾನೇಜರ್ ಚೀಲ ಎಷ್ಟಿತ್ತು ಅಂತ ಪೈಲಟ್ ಹತ್ತಿರ ಚೀಟಿ ಇರುತ್ತದೆ. ಹೋಗುವಾಗ ಅದು ತೀರಾ ಹಗುರ ಆಗಿದ್ದರೆ, ಒಳಗೆ ಕಬ್ಬಿಣದ ಏನೋ ಇತ್ತು, ಅದು ಈಗ ಮಾಲೀಕನ ಜೊತೆ ತಳದಲ್ಲಿದೆ. ಪೈಲಟ್ ಚೀಟಿ ನೋಡಿ, ಚೀಲವನ್ನ ಇನ್ನೊಂದು ಸಲ ತಕ್ಕಡಿಗೆ ಇಡಲಿ.